ನಗರಪಾಲಿಕೆ ಕೆಲಸ ಕೊಡಬಹುದಾ? ಓದುಗರ ಐದು ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಊರಲ್ಲಿ ಕೆಲಸ ಇಲ್ಲ ಎನ್ನುವುದರ ಸುತ್ತಲೇ ಇವೆ. ಒಬ್ಬರಿಗೆ ನೌಕರಿ ಬೇಕು, ಇನ್ನೊಬ್ಬರಿಗೆ ತಳ್ಳುಗಾಡಿ ನಿಲ್ಲಿಸಲು ಜಾಗ ಬೇಕು, ಮತ್ತೊಬ್ಬರಿಗೆ ಮಳೆಗಾಲದಲ್ಲಿ ಕೂಲಿ ಬೇಕು. ಎಲ್ಲರೂ ಕೇಳುತ್ತಿರುವುದು ಪಾಲಿಕೆಯನ್ನೇ. ಹಾಗಾಗಿ ಐದು ಪ್ರಶ್ನೆಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಬಿ.ಕಾಂ ಮುಗಿಸಿ ಮನೆಯಲ್ಲೇ ಕೂತಿದ್ದೇನೆ ಸರ್. ಪಾಲಿಕೆಯಲ್ಲಿ ಬೇಕಾದಷ್ಟು ಹುದ್ದೆ ಖಾಲಿ ಇವೆ ಅಂತ ಪೇಪರ್‌ನಲ್ಲಿ ಬರುತ್ತಲೇ ಇರುತ್ತದೆ. ಮೇಯರ್ ಮನಸ್ಸು ಮಾಡಿದರೆ ನಮ್ಮಂಥವರಿಗೆ ಕೆಲಸ ಕೊಡಲು ಆಗುವುದಿಲ್ಲವೇ? (ಹುಬ್ಬಳ್ಳಿ)

ಆಗುವುದಿಲ್ಲ. ಮೇಯರ್‌ಗೆ ಆ ಅಧಿಕಾರವೇ ಇಲ್ಲ. ಯಾವ ಪಾಲಿಕೆಯಲ್ಲಿ ಯಾವ ಹುದ್ದೆ ಎಷ್ಟು ಇರಬೇಕು ಎಂದು ಹೇಳುವುದು ರಾಜ್ಯ ಸರ್ಕಾರ. ಯಾವ ಹುದ್ದೆಗೆ ಯಾರನ್ನು ಹೇಗೆ ತೆಗೆದುಕೊಳ್ಳಬೇಕು ಎನ್ನುವ ವೃಂದ ಮತ್ತು ನೇಮಕಾತಿ ನಿಯಮ ಮಾಡುವುದೂ ಅದೇ. ಖಾಲಿ ಹುದ್ದೆ ತುಂಬಬೇಕಾದರೆ ಕಡತ ಬೆಂಗಳೂರಿಗೆ ಹೋಗಿ ಒಪ್ಪಿಗೆ ಪಡೆದು ಬರಬೇಕು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ‘ಈಗ ಹೊರಗುತ್ತಿಗೆಯಲ್ಲಿ ಸೇರಿಕೋ, ಆಮೇಲೆ ಕಾಯಂ ಮಾಡಿಸೋಣ’ ಎಂದು ದುಡ್ಡು ಕೇಳುವವರು ಪ್ರತಿ ಊರಲ್ಲೂ ಇದ್ದಾರೆ. ದಯವಿಟ್ಟು ಕೊಡಬೇಡಿ. 2006ರ ಏಪ್ರಿಲ್‌ನಲ್ಲಿ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ನಿಯಮದಂತೆ ನೇಮಕ ಆಗದೆ ತಾತ್ಕಾಲಿಕವಾಗಿ ಸೇರಿದವರಿಗೆ ಕಾಯಂ ಮಾಡಿ ಎಂದು ಕೇಳುವ ಹಕ್ಕು ಇಲ್ಲ. ಅದು ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ. ಪೌರಕಾರ್ಮಿಕರ ವಿಷಯ ಬೇರೆ. ಅವರು ವರ್ಷಗಟ್ಟಲೆ ಹೋರಾಡಿ ಮೊದಲು ಗುತ್ತಿಗೆದಾರರ ಕೈಯಿಂದ ‘ನೇರ ಪಾವತಿ’ಗೆ, ಅಂದರೆ ಪಾಲಿಕೆಯೇ ನೇರವಾಗಿ ಸಂಬಳ ಕೊಡುವ ವ್ಯವಸ್ಥೆಗೆ ಬಂದರು. ಆಮೇಲೆ ಸರ್ಕಾರ ಅವರಿಗಾಗಿಯೇ ವಿಶೇಷ ನೇಮಕಾತಿ ನಡೆಸಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿದ್ದು ಹಾಗೆ. ಅದು ಒಬ್ಬ ಮೇಯರ್ ಕೊಟ್ಟಿದ್ದಲ್ಲ.

ನಿಮಗೆ ಈಗ ಕೈಗೆಟಕುವುದು ಅಪ್ರೆಂಟಿಸ್ ಕೆಲಸ, ಅಂದರೆ ಭತ್ಯೆ ಪಡೆಯುತ್ತಾ ಕೆಲಸ ಕಲಿಯುವುದು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಐಟಿಐ ಹುಡುಗರಿಗೆ ಮಾತ್ರ ಅಲ್ಲ, ಬಿ.ಕಾಂ ಓದಿದವರಿಗೂ ಅವಕಾಶ ಇದೆ. ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಲ್ಲಿ ಲೆಕ್ಕಪತ್ರ, ಸ್ಟೋರ್ಸ್, ಜಿಎಸ್‌ಟಿ ಕೆಲಸಕ್ಕೆ ವಿಚಾರಿಸಿ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ರಾಜ್ಯದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ ಬರುತ್ತದೆ, ಆದರೆ ಗರಿಷ್ಠ 2 ವರ್ಷ ಮಾತ್ರ. ಆ ಅವಧಿಯನ್ನು ಸುಮ್ನೆ ಪರೀಕ್ಷೆಯ ಅರ್ಜಿ ಹಾಕುವುದರಲ್ಲೇ ಕಳೆಯಬೇಡಿ.

ನಮ್ಮ ಸ್ವಸಹಾಯ ಸಂಘದ ಹೆಂಗಸರಿಗೆ ಹೊಲಿಗೆ ತರಬೇತಿ ಆಯ್ತು, ಫಿನಾಯಿಲ್ ಮಾಡುವ ತರಬೇತಿಯೂ ಆಯ್ತು. ಸರ್ಟಿಫಿಕೇಟ್ ಇವೆ, ಕೆಲಸ ಮಾತ್ರ ಇಲ್ಲ. ಏನು ಮಾಡೋದು ಮೇಡಂ/ಸರ್? (ದಾವಣಗೆರೆ)

ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇದು. ತರಬೇತಿ ಕೊಟ್ಟರೆ ಕೆಲಸ ತಾನಾಗಿ ಹುಟ್ಟುತ್ತದೆ ಎಂದು ನಮ್ಮ ಯೋಜನೆಗಳು ನಂಬಿಕೊಂಡಿವೆ. ಹಾಗೆ ಆಗುವುದಿಲ್ಲ. ಫಿನಾಯಿಲ್ ಮಾಡಲು ಬಂದರೆ ಸಾಲದು, ಅದನ್ನು ಕೊಳ್ಳುವವರು ಬೇಕು.

ಊರಲ್ಲಿ ಫಿನಾಯಿಲ್ ಅನ್ನು ಡ್ರಮ್‌ಗಟ್ಟಲೆ ಕೊಳ್ಳುವವರು ಯಾರು ಹೇಳಿ? ಪಾಲಿಕೆಯೇ. ಸಾರ್ವಜನಿಕ ಶೌಚಾಲಯ, ಮಾರುಕಟ್ಟೆ, ಚರಂಡಿ, ಆಸ್ಪತ್ರೆ ಎಲ್ಲಕ್ಕೂ ಬೇಕು. ಪೌರಕಾರ್ಮಿಕರಿಗೆ ಸಮವಸ್ತ್ರವೂ ಅದೇ ಹೊಲಿಸುತ್ತದೆ. ಅಂದರೆ ನಿಮ್ಮ ಎರಡೂ ಸರ್ಟಿಫಿಕೇಟ್‌ಗೆ ಗಿರಾಕಿ ಪಾಲಿಕೆ ಕಟ್ಟಡದ ಆರೋಗ್ಯ ಶಾಖೆಯಲ್ಲೇ ಇದ್ದಾರೆ. ತರಬೇತಿ ಕೊಡಿಸಿದವರು ಪಕ್ಕದ ಕೋಣೆಯವರು, ಖರೀದಿ ಮಾಡುವವರು ಈ ಕೋಣೆಯವರು. ಇಬ್ಬರ ನಡುವೆ ಮಾತುಕತೆಯೇ ಇಲ್ಲ.

ಖರೀದಿಯ ಟೆಂಡರ್ ತೆಗೆದು ಓದಿ ನೋಡಿ. ಸಮವಸ್ತ್ರ, ಗ್ಲೌಸ್, ಬೂಟು, ಫಿನಾಯಿಲ್, ಬ್ಲೀಚಿಂಗ್ ಪೌಡರ್ ಎಲ್ಲವನ್ನೂ ಒಂದೇ ಪ್ಯಾಕೇಜ್ ಮಾಡಿರುತ್ತಾರೆ. ಇಷ್ಟು ಲಕ್ಷದ ವಹಿವಾಟು ಇರಬೇಕು, ಮೂರು ವರ್ಷದ ಅನುಭವ ಇರಬೇಕು, ಠೇವಣಿ ಇಷ್ಟು ಕಟ್ಟಬೇಕು. ಅಲ್ಲಿಗೆ ನಿಮ್ಮ ಸಂಘ ಹೊರಗೆ ಉಳಿಯಿತು. ಬಟ್ಟೆ ಹೊಲಿಯುವುದನ್ನು ಮಾತ್ರ ಬೇರೆ ಮಾಡಿ ಕರೆದಿದ್ದರೆ ನೀವೂ ಅರ್ಜಿ ಹಾಕಬಹುದಿತ್ತು, ಅಲ್ವಾ? ಪಾಲಿಕೆ ಒಂದು ರೂಪಾಯಿ ಜಾಸ್ತಿ ಖರ್ಚು ಮಾಡದೆ ಕೆಲಸ ಹುಟ್ಟಿಸಬಹುದಾದ ಜಾಗ ಇದು. ಹೊಸ ಯೋಜನೆ ಬೇಡ, ಈಗ ಖರ್ಚಾಗುತ್ತಿರುವ ಹಣಕ್ಕೆ ಷರತ್ತು ಬದಲಿಸಿದರೆ ಸಾಕು. ಸರ್ಕಾರಿ ಖರೀದಿಗೆ ಇರುವ ರಾಜ್ಯದ ಪಾರದರ್ಶಕತೆ ಕಾಯ್ದೆಯಲ್ಲಿ ಸಣ್ಣ ಮೊತ್ತದ ಖರೀದಿಗೆ ಟೆಂಡರ್‌ನಿಂದ ವಿನಾಯಿತಿಯೂ ಇದೆ. ಆದರೆ ಕೇಳುವವರು ಇಲ್ಲದಿದ್ದರೆ ಯಾವ ಅಧಿಕಾರಿಯೂ ತಾನಾಗಿ ಮುಂದೆ ಬರುವುದಿಲ್ಲ.

ಬೇರೆ ಊರುಗಳಲ್ಲಿ ಇದು ನಡೆದಿದೆ. ಪುಣೆಯಲ್ಲಿ ಚಿಂದಿ ಆಯುವವರು 1993ರಲ್ಲಿ ಸಂಘಟನೆ ಕಟ್ಟಿದರು. ಅದರಿಂದ ಹುಟ್ಟಿದ ‘ಸ್ವಚ್ಛ್’ ಸಹಕಾರ ಸಂಘದ ಜೊತೆ ಅಲ್ಲಿನ ಪಾಲಿಕೆ 2008ರಲ್ಲಿ ಒಪ್ಪಂದ ಮಾಡಿಕೊಂಡಿತು. ಇವತ್ತು ಆ ಸಂಘದವರು ಮನೆ ಮನೆಯಿಂದ ಕಸ ತೆಗೆದುಕೊಳ್ಳುತ್ತಾರೆ, ಪ್ರತಿ ಮನೆಯಿಂದ ತಿಂಗಳ ಶುಲ್ಕ ಪಡೆಯುತ್ತಾರೆ, ಒಣಕಸ ಮಾರಿ ಬಂದ ಹಣವನ್ನೂ ಇಟ್ಟುಕೊಳ್ಳುತ್ತಾರೆ. ಸಂಘದ ಮಾಲೀಕರೂ ಅವರೇ. ಒಡಿಶಾದಲ್ಲಿ ‘ಜಲಸಾಥಿ’ ಎಂದು ಸ್ವಸಹಾಯ ಸಂಘದ ಹೆಂಗಸರನ್ನು ತೆಗೆದುಕೊಂಡಿದ್ದಾರೆ. ಅವರು ಮೀಟರ್ ಓದುತ್ತಾರೆ, ನೀರಿನ ಬಿಲ್ ವಸೂಲಿ ಮಾಡುತ್ತಾರೆ, ಕಿಟ್ ಹಿಡಿದು ನಲ್ಲಿ ನೀರನ್ನು ಪರೀಕ್ಷೆ ಮಾಡುತ್ತಾರೆ. ವಸೂಲಾದ ಹಣದಲ್ಲಿ ಅವರಿಗೂ ಪಾಲು. ನಮ್ಮ ಬೆಂಗಳೂರಿನಲ್ಲೇ ಚಿಂದಿ ಆಯುವವರಿಗೆ ಪಾಲಿಕೆ ಗುರುತಿನ ಚೀಟಿ ಕೊಟ್ಟಿತು, ಅವರಲ್ಲಿ ಎಷ್ಟೋ ಜನ ವಾರ್ಡ್‌ನ ಒಣಕಸ ಸಂಗ್ರಹ ಕೇಂದ್ರ ನಡೆಸುತ್ತಿದ್ದಾರೆ.

ಇನ್ನೊಂದು ಮಾತು. ಪಾಲಿಕೆ ಬಜೆಟ್‌ನಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಹಣ ಎತ್ತಿಡುತ್ತಾರೆ. ಇದರಲ್ಲಿ ಹೊಲಿಗೆ ಯಂತ್ರ ಹಂಚುವುದು ಮಾಮೂಲಿ. ಯಂತ್ರ ಕೊಡುವ ದಿನ ಶಾಮಿಯಾನ, ಹಾರ, ಫೋಟೊ ಎಲ್ಲ ಇರುತ್ತದೆ. ಮುಂದಿನ ವರ್ಷ ಅದೇ ಮನೆಗೆ ಹೋದರೆ ಯಂತ್ರದ ಮೇಲೆ ಮಡಚಿದ ಬಟ್ಟೆಯ ರಾಶಿ. ಆ ಹೆಂಗಸಿನ ತಪ್ಪೇನಿಲ್ಲ, ಹೊಲಿಯಲು ಅವರಿಗೆ ಯಾರೂ ಆರ್ಡರ್ ಕೊಟ್ಟಿಲ್ಲ. ಹಾಗಾಗಿ ನೀವು ಯಂತ್ರ ಕೇಳಬೇಡಿ, ಸಮವಸ್ತ್ರದ ಆರ್ಡರ್ ಕೇಳಿ. ಆಯುಕ್ತರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಒಂದೇ ಸಂಘ ಹೋಗುವುದಕ್ಕಿಂತ ನಾಲ್ಕೈದು ಸಂಘ ಸೇರಿ ಒಕ್ಕೂಟದ ಹೆಸರಲ್ಲಿ ಹೋದರೆ ಒಳ್ಳೆಯದು. ಠೇವಣಿ, ವಹಿವಾಟು ತೋರಿಸಲು ಅದು ನೆರವಾಗುತ್ತದೆ.

ನಾನು ಗೋಬಿ ಮಂಚೂರಿ ಗಾಡಿ ಇಟ್ಟಿದ್ದೇನೆ. ಆಗಾಗ ಬಂದು ಎತ್ತಿಸುತ್ತಾರೆ. ಬೀದಿ ವ್ಯಾಪಾರಿಗಳ ಸಮೀಕ್ಷೆ ಆಗಿದೆಯಂತೆ, ನನ್ನ ಹೆಸರೇ ಇಲ್ಲ. ಹೊಸ ಕೆಲಸ ಬೇಡ, ಇರುವ ಕೆಲಸ ಉಳಿದರೆ ಸಾಕು. (ಶಿವಮೊಗ್ಗ)

ನಿಮ್ಮ ಕೊನೆಯ ಮಾತನ್ನು ಪ್ರತಿ ಪಾಲಿಕೆಯ ಸಭಾಂಗಣದಲ್ಲಿ ಬರೆದು ಹಾಕಬೇಕು.

ಹೆಸರು ಬಿಟ್ಟುಹೋಗಿದ್ದು ಯಾಕೆ ಎಂದು ನಾನು ಊಹಿಸಬಲ್ಲೆ. ಒಂದು ಊರಿನಲ್ಲಿ ಸಮೀಕ್ಷೆಯವರ ಜೊತೆ ನಾನೂ ಸುತ್ತಿದ್ದೇನೆ. ಅವರು ಪಟ್ಟಿ ಹಿಡಿದು ಹೊರಟಿದ್ದು ಬೆಳಿಗ್ಗೆ 11 ಗಂಟೆಗೆ, ಕಚೇರಿಯ ಹೊತ್ತಿಗೆ. ಹೂ ಮಾರುವ ಅಜ್ಜಿ ಐದು ಗಂಟೆಗೆ ಬಂದು ಒಂಬತ್ತಕ್ಕೆ ಬುಟ್ಟಿ ಎತ್ತಿಕೊಂಡು ಹೋಗಿಯಾಗಿತ್ತು. ಗೋಬಿ, ಪಾನಿಪುರಿ, ಎಗ್‌ರೈಸ್ ಗಾಡಿಗಳು ಬರುವುದು ಸಂಜೆ. ನಡು ಮಧ್ಯಾಹ್ನ ರಸ್ತೆಯಲ್ಲಿ ಯಾರಿದ್ದರೋ ಅವರ ಹೆಸರು ಮಾತ್ರ ದಾಖಲಾಯಿತು. ಸಮೀಕ್ಷೆ ದಿನಕ್ಕೆ ಮೂರು ಹೊತ್ತು ನಡೆಯಬೇಕು. ವಾರದ ಸಂತೆಗೂ ಬೇರೆಯಾಗಿ ಹೋಗಬೇಕು.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ನಿಮ್ಮ ಕಡೆಗಿದೆ. ಸಮೀಕ್ಷೆ ಪೂರ್ತಿಯಾಗಿ ವ್ಯಾಪಾರಿಗಳೆಲ್ಲರಿಗೂ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಬೇರೆ ಕಡೆ ಕಳಿಸಬೇಕಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ, ಶುಲ್ಕ ಕಟ್ಟಿಸಿಕೊಂಡು ಕೆಡುವ ಪದಾರ್ಥವನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ವಾಪಸ್ ಕೊಡಬೇಕು. ಇದನ್ನೆಲ್ಲ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಗಾಡಿಯ ಫೋಟೊ, ದಂಡದ ರಸೀದಿ ಎಲ್ಲ ಜೋಪಾನವಾಗಿಡಿ. ದಂಡ ಹಾಕಿದ ರಸೀದಿಯೇ ನೀವು ಅಲ್ಲಿ ವ್ಯಾಪಾರ ಮಾಡುತ್ತಿದ್ದಿರಿ ಎನ್ನುವುದಕ್ಕೆ ಸಾಕ್ಷಿ.

ಪಟ್ಟಿಯಲ್ಲಿ ಹೆಸರು ಬಂದರೆ, ಅಥವಾ ಪಾಲಿಕೆಯಿಂದ ಶಿಫಾರಸು ಪತ್ರ ಸಿಕ್ಕರೆ, ಬೀದಿ ವ್ಯಾಪಾರಿಗಳಿಗೆಂದೇ ಇರುವ ಕೇಂದ್ರದ ಸ್ವನಿಧಿ ಸಾಲಕ್ಕೂ ದಾರಿ ಆಗುತ್ತದೆ. 2020ರಲ್ಲಿ 10 ಸಾವಿರದಿಂದ ಶುರುವಾಗಿದ್ದ ಮೊದಲ ಕಂತು 2025ರಲ್ಲಿ 15 ಸಾವಿರಕ್ಕೆ ಏರಿದೆ. ಸರಿಯಾಗಿ ತೀರಿಸಿದರೆ 25 ಸಾವಿರ, ಆಮೇಲೆ 50 ಸಾವಿರ. ಮೀಟರ್ ಬಡ್ಡಿಯವರ ಕೈಯಿಂದ ತಪ್ಪಿಸಿಕೊಳ್ಳಲು ಇದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಹಳ್ಳಿಯಲ್ಲಿದ್ದಾಗ ನರೇಗಾ ಕೂಲಿ ಇತ್ತು. ಸಿಟಿಗೆ ಬಂದಮೇಲೆ ಗಾರೆ ಕೆಲಸ ನಿಂತರೆ ಏನೂ ಇಲ್ಲ. ಸಿಟಿಯವರಿಗೆ ಯಾಕೆ ಅಂಥ ಯೋಜನೆ ಇಲ್ಲ? (ಕಲಬುರಗಿ)

ನರೇಗಾದ 2005ರ ಕಾಯ್ದೆಯನ್ನು ಹಳ್ಳಿಗಳಿಗೆ ಮಾತ್ರ ಮಾಡಿದರು. ನಗರದಲ್ಲಿ ಹೇಗೂ ಕೆಲಸ ಸಿಗುತ್ತದೆ ಎನ್ನುವ ಭಾವನೆ ಅದರ ಹಿಂದೆ ಇತ್ತು. ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2023-24ರ ಕೇಂದ್ರದ ಕಾರ್ಮಿಕ ಸಮೀಕ್ಷೆಯಲ್ಲಿ ಹಳ್ಳಿಗಳ ನಿರುದ್ಯೋಗ ಶೇ 2.5, ನಗರಗಳದ್ದು ಶೇ 5.1.

ಆದರೆ ಕೆಲವು ರಾಜ್ಯಗಳು ತಾವೇ ಮುಂದೆ ಬಂದಿವೆ. ಕೇರಳದಲ್ಲಿ ಅಯ್ಯಂಕಾಳಿ ಹೆಸರಿನ ನಗರ ಉದ್ಯೋಗ ಖಾತ್ರಿ 2010ರ ಹೊತ್ತಿನಿಂದಲೇ ಇದೆ, ವರ್ಷಕ್ಕೆ 100 ದಿನ. ರಾಜಸ್ಥಾನ 2022ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿತು. ಒಡಿಶಾ ಕೋವಿಡ್ ಲಾಕ್‌ಡೌನ್ ಸಮಯದಲ್ಲಿ ಶುರು ಮಾಡಿ, ಸಣ್ಣ ಕಾಮಗಾರಿಗಳನ್ನು ಸ್ವಸಹಾಯ ಸಂಘಗಳ ಮೂಲಕವೇ ಮಾಡಿಸಿತು. ನಡುವೆ ಗುತ್ತಿಗೆದಾರರಿಲ್ಲ.

ನಮ್ಮಲ್ಲೂ ಆಗಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಬರುವ ತನಕ ಪಾಲಿಕೆ ಕೈಕಟ್ಟಿ ಕೂರಬೇಕಿಲ್ಲ. ಚರಂಡಿ ಹೂಳು, ಉದ್ಯಾನ, ನರ್ಸರಿ, ಕೆರೆ ಏರಿ, ಫುಟ್‌ಪಾತ್ ರಿಪೇರಿ, ಗಿಡಗಳಿಗೆ ನೀರು ಹಾಕುವುದು: ಇವೆಲ್ಲ ಕೈಗೆ ಜಾಸ್ತಿ ಕೆಲಸ ಕೊಡುವ ಕಾಮಗಾರಿಗಳು. ಕಾಂಕ್ರೀಟ್ ರಸ್ತೆಗೆ ಹಾಕಿದ ಹಣದಲ್ಲಿ ಬಹುಪಾಲು ಸಿಮೆಂಟು, ಜಲ್ಲಿ, ಯಂತ್ರಕ್ಕೆ ಹೋಗುತ್ತದೆ. ನರ್ಸರಿಗೆ ಹಾಕಿದ್ದರಲ್ಲಿ ಬಹುಪಾಲು ಕೂಲಿಗೆ ಬರುತ್ತದೆ. ಬೆಳಿಗ್ಗೆ ಕೂಲಿಗೆ ಜನ ನಿಲ್ಲುವ ಅಡ್ಡಾದಲ್ಲಿ ಒಂದು ಶೆಡ್, ನೀರು, ಶೌಚಾಲಯ ಮಾಡಿ, ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ಅಲ್ಲೇ ನೋಂದಾಯಿಸಿದರೆ ಅದೂ ದೊಡ್ಡ ನೆರವು. ನಿಮ್ಮ ಕಾರ್ಡ್ ಆಗಿದೆಯಾ? ಹಿಂದಿನ ವರ್ಷ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೀವು ಅರ್ಹರು.

ಒಂದು ಎಚ್ಚರಿಕೆ. ಚರಂಡಿ ಕೆಲಸ ಎಂದು ಹೇಳಿ ಒಳಚರಂಡಿಯ ಮ್ಯಾನ್‌ಹೋಲ್‌ಗೆ ಇಳಿಯಲು ಹೇಳಿದರೆ, ಎಷ್ಟೇ ದುಡ್ಡು ಕೊಟ್ಟರೂ ಇಳಿಯಬೇಡಿ. ರಕ್ಷಣಾ ಸಲಕರಣೆ ಇಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ.

ಒಂದು ದೊಡ್ಡ ಕಂಪನಿ ಬಂದರೆ ಎಲ್ಲ ಸರಿ ಹೋಗುತ್ತದೆ ಅಲ್ವಾ? ಪಾಲಿಕೆ ಅದಕ್ಕೆ ಪ್ರಯತ್ನಿಸಬಾರದೇ? (ಬೆಳಗಾವಿ)

ಬಂದರೆ ಒಳ್ಳೆಯದೇ. ಆದರೆ ಒಂದೇ ಬಗೆಯ ಉದ್ಯಮವನ್ನು ನೆಚ್ಚಿಕೊಂಡ ಊರಿನ ಪಾಡು ದಾವಣಗೆರೆಯವರಿಗೆ ಗೊತ್ತು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಊರದು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಸಾವಿರಾರು ಮನೆಗಳ ಸಂಬಳ ನಿಂತಿತು.

ದೊಡ್ಡ ಕಂಪನಿಗೆ ಜಮೀನು, ರಿಯಾಯಿತಿ ಕೊಡುವುದು ರಾಜ್ಯದ ಕೆಲಸ. ನಿಮ್ಮ ಪಾಲಿಕೆ ಮಾಡಬಹುದಾದ್ದು ನಿಮ್ಮೂರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿದೆ. ಅಲ್ಲಿನ ಫೌಂಡ್ರಿ, ಮಷಿನ್ ಶಾಪ್‌ಗಳು ಸಣ್ಣವು, ಆದರೆ ತುಂಬಾ ಇವೆ. ಅಂಥ ಕಡೆ ರಸ್ತೆ, ಚರಂಡಿ, ನೀರು ಸರಿ ಇದ್ದರೆ, ಉದ್ದಿಮೆ ಪರವಾನಗಿ ಅಲೆದಾಟವಿಲ್ಲದೆ ನವೀಕರಣ ಆದರೆ, ಇನ್ನೂ ಇಬ್ಬರನ್ನು ಇಟ್ಟುಕೊಳ್ಳುವ ಧೈರ್ಯ ಮಾಲೀಕರಿಗೆ ಬರುತ್ತದೆ. ಬೀದಿದೀಪ ಸರಿ ಇದ್ದು ರಾತ್ರಿ ಬಸ್ ಇದ್ದರೆ ಎರಡನೇ ಪಾಳಿಗೆ ಹೆಣ್ಣುಮಕ್ಕಳೂ ಬರುತ್ತಾರೆ. ಪಾಲಿಕೆಯ ಬಜೆಟ್ ಪೂರ್ವಭಾವಿ ಸಭೆ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ನಡೆಯುತ್ತದೆ, ಸಾರ್ವಜನಿಕರೂ ಹೋಗಬಹುದು. ಹೋಗುವಾಗ ಯಾವ ಅಡ್ಡರಸ್ತೆಯಲ್ಲಿ ಎಷ್ಟು ದೀಪ ಉರಿಯುತ್ತಿಲ್ಲ ಎನ್ನುವ ಪಟ್ಟಿ ಬರೆದುಕೊಂಡು ಹೋಗಿ.