ಚಿನ್ಲಿಗೆ ಬರುತ್ತಿರುವ ಹೊಸ ಟೀಚರಿಗೆ

ಆಗಸ್ಟಿನಲ್ಲಿ ಅಮೆರಿಕದ ಅರಿಜೋನಾದ ಚಿನ್ಲಿಗೆ ವಿಜ್ಞಾನ ಟೀಚರಾಗಿ ಬರುತ್ತಿದ್ದೀರಿ, ನಕ್ಷತ್ರಗಳ ಪಾಠವನ್ನು ಇಲ್ಲಿನ ಮೂಲನಿವಾಸಿಗಳಾದ ನವಾಹೋ ಮಕ್ಕಳ ಸ್ವಂತ ಪುರಾಣದಿಂದಲೇ ಶುರು ಮಾಡಬಹುದಾ ಎಂದು ಕೇಳಿದ್ದೀರಿ. ಓದಿ ತುಂಬಾ ಖುಷಿಯಾಯಿತಮ್ಮ. ಊಟ, ಚಳಿಯ ಮಾತು ಮೊದಲು ಮುಗಿಸುತ್ತೇನೆ. ಸಾರಿನ ಪುಡಿ ಊರಿಂದ ತನ್ನಿ, ಕೋಟು ಇಲ್ಲೇ ಕೊಳ್ಳಿ. ಬೇಸಿಗೆಯಲ್ಲಿ ಅರಿಜೋನಾದ ಉಳಿದ ಕಡೆ ಗಡಿಯಾರ ಒಂದು ಗಂಟೆ ಮುಂದಿಡುವುದಿಲ್ಲ, ನವಾಹೋ ನೆಲದಲ್ಲಿ ಇಡುತ್ತಾರೆ. ಫೀನಿಕ್ಸಿನಲ್ಲಿ ವಿಮಾನ ಹಿಡಿಯುವಾಗ ನೆನಪಿರಲಿ.

ಕಥೆ ಮಾತ್ರ ಆಗಸ್ಟಿನಲ್ಲಿ ಬೇಡ. ಇವರ ಪುರಾಣಕ್ಕೆ ಕಾಲವಿದೆ. ಹಾವು, ಕರಡಿ, ಜೇಡ ಚಳಿಗಾಲದ ನಿದ್ದೆಗೆ ಮಲಗಿದ ಮೇಲೆ ಹೇಳಬೇಕು, ವಸಂತದ ಮೊದಲ ಗುಡುಗಿಗೆ ನಿಲ್ಲಿಸಬೇಕು. ನಾನು ಬಂದ ದಿನ ಆಲ್ಬುಕರ್ಕಿಯಿಂದ ಕಾರಲ್ಲಿ ಕರೆತಂದ ಸಹೋದ್ಯೋಗಿ, ಗ್ರ್ಯಾಂಟ್ಸ್ ಊರಿನ ಹತ್ತಿರ ರಸ್ತೆ ಪಕ್ಕದ ಕಪ್ಪು ಕಲ್ಲಿನ ಹರವು ತೋರಿಸಿ, "ಅದು ರಕ್ತ. ಉಳಿದದ್ದು ಚಳಿಗಾಲಕ್ಕೆ" ಎಂದು ಸುಮ್ಮನಾದರು.

ಈಗ ಜನವರಿ, ಹೇಳಬಹುದು. ಚೇಂಜಿಂಗ್ ವುಮನ್ ಎಂಬ ದೇವಿಗೆ ಸೂರ್ಯನಿಂದ ಅವಳಿ ಗಂಡುಮಕ್ಕಳು. ಜನರನ್ನು ತಿನ್ನುತ್ತಿದ್ದ ರಾಕ್ಷಸರನ್ನು ಕೊಲ್ಲಲು ಆಯುಧ ಬೇಕೆಂದು ಅಪ್ಪನನ್ನು ಹುಡುಕಿಕೊಂಡು ಹೊರಟರು. ದಾರಿಯ ಅಪಾಯಗಳಿಂದ ಉಳಿಸಿದವಳು ಜೇಡಜ್ಜಿ, ಸ್ಪೈಡರ್ ವುಮನ್. ಸೂರ್ಯ ಮಕ್ಕಳನ್ನು ಪರೀಕ್ಷೆಗೊಡ್ಡಿ, ಕೊನೆಗೆ ಮಿಂಚಿನ ಬಾಣ ಕೊಟ್ಟ. ಮೌಂಟ್ ಟೇಲರ್ ಬೆಟ್ಟದ ಬಳಿ ಯೇಯಿತ್ಸೊ ಎಂಬ ದೈತ್ಯ ಬಿದ್ದ. ಅವನ ರಕ್ತ ಹೆಪ್ಪುಗಟ್ಟಿದ್ದೇ ಆ ಕಪ್ಪು ಕಲ್ಲು. ಹಸಿವು, ಬಡತನ, ಮುಪ್ಪು, ಹೇನುಗಳನ್ನು ಮಾತ್ರ ಕೊಲ್ಲದೆ ಬಿಟ್ಟರು. ಮುಪ್ಪಿಲ್ಲದಿದ್ದರೆ ಎಳೆಯರಿಗೆ ಜಾಗವೆಲ್ಲಿ? ಇಷ್ಟು ವಿವೇಕದ ವೀರಗಾಥೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ನಿಮ್ಮ ನಕ್ಷತ್ರದ ಕಥೆಯೂ ಇದೆ: ಬೆಂಕಿಯ ದೇವರಾದ ಬ್ಲ್ಯಾಕ್ ಗಾಡ್ ಒಂದೊಂದೇ ಚುಕ್ಕಿ ಜೋಡಿಸುತ್ತಿದ್ದಾಗ ನರಿಯಂಥ ಪ್ರಾಣಿ ಕಯೋಟಿಗೆ ತಾಳ್ಮೆ ಕೆಟ್ಟು, ಉಳಿದವನ್ನು ಆಕಾಶಕ್ಕೆ ಎರಚಿಬಿಟ್ಟಿತು.

ತರಗತಿಯ ಹುಡುಗಿಯೊಬ್ಬಳು ನಾಲ್ಕು ದಿನ ಬರದಿದ್ದರೆ ಗದರಬೇಡಿ. ಮೈನೆರೆದ ಹುಡುಗಿಗೆ ಕಿನಾಲ್ಡಾ ಮಾಡುತ್ತಾರೆ. ಮೊದಲು ಅದು ನಡೆದದ್ದು ಚೇಂಜಿಂಗ್ ವುಮನ್‌ಗೇ. ನಮ್ಮಲ್ಲಿ ಕೂರಿಸಿ ಆರತಿ ಮಾಡಿ ಚಿಗಳಿ ಕೊಡುತ್ತಾರಲ್ಲ, ಇಲ್ಲಿ ಹುಡುಗಿ ನಸುಕಿನಲ್ಲಿ ಪೂರ್ವಕ್ಕೆ ಓಡುತ್ತಾಳೆ. ರಾತ್ರಿಯಿಡೀ ಹಾಡು, ನೆಲದ ಗುಂಡಿಯಲ್ಲಿ ಬೇಯುವ ಜೋಳದ ದೊಡ್ಡ ಕೇಕು. ಅದನ್ನು ಅವಳು ಹಂಚುತ್ತಾಳೆ, ತಾನು ತಿನ್ನುವುದಿಲ್ಲ. ಕರೆದರೆ ಹೋಗಿ. ಫೋನ್ ಹೊರಗೆ ತೆಗೆಯಬೇಡಿ.

ಇನ್ನೊಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಪಕ್ಕದ ಮನೆಯಲ್ಲಿ ನೇಯುವ ಅಜ್ಜಿಯೊಬ್ಬರಿದ್ದರು. ನವಾಹೋ ಜನರಿಗೆ ನೇಯ್ಗೆ ಕಲಿಸಿದ್ದು ಜೇಡಜ್ಜಿಯೇ. ಅವಳ ಮನೆ ಚಿನ್ಲಿ ಪಕ್ಕದ ಕಣಿವೆಯಲ್ಲಿ, ಸುಮಾರು 800 ಅಡಿ ಎತ್ತರದ ಸ್ಪೈಡರ್ ರಾಕ್ ನೆತ್ತಿಯಲ್ಲಿ. ಆ ಕಥೆಯನ್ನು ಮಗ್ಗದ ಮುಂದೆ ಕೂತೇ ಹೇಳುತ್ತೇನೆ, ರಜೆಯಲ್ಲಿ ಬಾ ಎನ್ನುತ್ತಿದ್ದರು. ಡಿಸೆಂಬರ್ ರಜೆ ಬಂತೆಂದರೆ ನಾನು ಹಾಸನದಲ್ಲಿರುತ್ತಿದ್ದೆ. ಅಮ್ಮ ದಿನ ಎಣಿಸುತ್ತಿದ್ದರಲ್ಲ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿ ಹೋಗಿಬಿಟ್ಟರು. ಆಮೇಲೆ ಆ ಕಥೆಯನ್ನು ಬೇರೆಯವರು ಹೇಳಿದರು. ಆದರೆ ಆ ಕೈ ಓಡುತ್ತಿರುವಾಗ, ಆ ದನಿಯಲ್ಲಿ ಕೇಳಲಿಲ್ಲ ಎಂಬ ಕೊರಗು ಹೋಗಿಲ್ಲ.

ಆದ್ದರಿಂದ ಮೊದಲ ವರ್ಷದ ಡಿಸೆಂಬರಿಗೆ ಊರಿನ ಟಿಕೆಟ್ ತೆಗೆಯಬೇಡಿ. ಜೂನಿನಲ್ಲಿ ಹೋಗಿ, ಇಲ್ಲಿಯ ಶಾಲೆಗೆ ಆಗ ದೊಡ್ಡ ರಜೆ. ಮನೆಯವರಿಗೆ ಇದನ್ನು ಹೊರಡುವ ಮುಂಚೆಯೇ ಹೇಳಿಬಿಡಿ. ಇಲ್ಲಿಂದ ಫೋನಿನಲ್ಲಿ ಹೇಳುವುದು ಕಷ್ಟ.