ಲ್ಯಾವೆಂಡರ್ ಒಣಗಿತು, ರೋಸ್‌ಮೆರಿ ಕಪ್ಪಾಗುತ್ತಿದೆ: ಯಾವಾಗ ಸವರಬೇಕಿತ್ತು?

ಪ್ರಶ್ನೆ: ನಮ್ಮ ಮನೆ ಕಾರವಾರದಲ್ಲಿ, ಸಮುದ್ರಕ್ಕೆ ಹತ್ತಿರ. ಇಟಲಿ, ಗ್ರೀಸ್ ಕಡೆಯ ಕೈತೋಟದ ವಿಡಿಯೋ ನೋಡಿ ರೋಸ್‌ಮೆರಿ, ಲ್ಯಾವೆಂಡರ್, ಒಂದು ಆಲಿವ್ ತಂದು ಕುಂಡದಲ್ಲಿ ಇಟ್ಟಿದ್ದೇನೆ. ಅಂಗಳದಲ್ಲಿ ಹಳೆಯ ಕಣಗಿಲೆಯೂ ಇದೆ. ವಿಡಿಯೋದಲ್ಲಿ ಹೇಳಿದ ಹಾಗೆ ಆಗಸ್ಟ್‌ನಲ್ಲಿ ಲ್ಯಾವೆಂಡರ್ ಸವರಿದೆ, ಒಣಗಿಹೋಯಿತು. ಈಗ ರೋಸ್‌ಮೆರಿಯ ಬುಡ ಕಪ್ಪಾಗುತ್ತಿದೆ. ಯಾವ ತಿಂಗಳು ಏನು ಕತ್ತರಿಸಬೇಕು?

ಉತ್ತರ: ತಪ್ಪು ನಿಮ್ಮ ಕತ್ತರಿಯದ್ದಲ್ಲ, ಕ್ಯಾಲೆಂಡರಿನದ್ದು. ಆ ಕಡೆ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ನಮ್ಮಲ್ಲಿ ತಿರುಗುಮುರುಗು. ಅಥೆನ್ಸ್‌ನಲ್ಲಿ ವರ್ಷವಿಡೀ ಬೀಳುವುದು 400 ಮಿ.ಮೀ. ಆಸುಪಾಸು, ಕಾರವಾರದಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ದುಪ್ಪಟ್ಟು ಸುರಿಯುವುದುಂಟು. ಅಲ್ಲಿ ಆಗಸ್ಟ್‌ನಲ್ಲಿ ಸವರಿದರೆ ಗಾಯ ಬೇಗ ಆರುತ್ತದೆ. ಇಲ್ಲಿ ಆಗಸ್ಟ್‌ನಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಗಿಡದ ಗಾಯ ಒಣಗುತ್ತದಾ?

ಹಾಗಾಗಿ ದೊಡ್ಡ ಸವರುವಿಕೆ ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೆ, ದೀಪಾವಳಿ ಹೊತ್ತಿಗೆ ಇಟ್ಟುಕೊಳ್ಳಿ. ಮೂರರಲ್ಲಿ ಒಂದು ಪಾಲು ಮಾತ್ರ ತೆಗೆಯಿರಿ, ಅದೂ ಹಸಿರು ಎಲೆ ಇರುವಲ್ಲಿಗೆ ನಿಲ್ಲಿಸಿ. ಕೆಳಗಿನ ಎಲೆಯಿಲ್ಲದ ಹಳೇ ಕಾಂಡಕ್ಕೆ ಕತ್ತರಿ ಹಾಕಿದರೆ ಲ್ಯಾವೆಂಡರ್ ಮತ್ತೆ ಚಿಗುರುವುದು ಕಷ್ಟ, ರೋಸ್‌ಮೆರಿಯೂ ಅಷ್ಟೇ. ಮೇ ಮಧ್ಯದಲ್ಲಿ ಇನ್ನೊಮ್ಮೆ, ಆದರೆ ಹಗುರವಾಗಿ: ಒಳಗೆ ಒತ್ತಾಗಿ ಬೆಳೆದ ಕಡ್ಡಿ ಮತ್ತು ಮಣ್ಣಿಗೆ ತಾಗುವ ಟೊಂಗೆ ತೆಗೆದು ಗಾಳಿಯಾಡಲು ಬಿಡಿ. ಮಿರ್ಗದ ಮಳೆ ಶುರುವಾಗುವ ಮೊದಲೇ ಕುಂಡಗಳನ್ನು ಮಾಡಿನ ಕೆಳಗೆ, ಬೆಳಕು ಬೀಳುವ ಕಡೆ ಎತ್ತಿಡಿ.

ಬುಡ ಕಪ್ಪಾದ ರೋಸ್‌ಮೆರಿ ಉಳಿಯುವ ಲಕ್ಷಣ ಇಲ್ಲ, ಬೇರು ಕೊಳೆತಿದೆ. ಸುಮ್ನೆ ಔಷಧಿಗೆ ದುಡ್ಡು ಸುರಿಯಬೇಡಿ. ತುದಿ ಇನ್ನೂ ಹಸಿರಿದ್ದರೆ ಗೇಣುದ್ದದ ಕಡ್ಡಿ ನಾಲ್ಕೈದು ಮುರಿದು, ಕೆಳಗಿನ ಎಲೆ ಉದುರಿಸಿ, ಒದ್ದೆ ಮರಳಲ್ಲಿ ಊರಿ. ಮರಳು ಅಂದೆ ಅಂತ ಬೀಚಿನದ್ದು ತರಬೇಡಿ ಮಾರಾಯ್ರೇ, ಕಾಳಿ ನದಿ ಸಮುದ್ರ ಸೇರುವ ಕಡೆಯದ್ದೂ ಬೇಡ, ಉಪ್ಪಿರುತ್ತದೆ. ಮುಂದಿನ ಕುಂಡಕ್ಕೆ ಅರ್ಧ ಮಣ್ಣು, ಅರ್ಧ ಮರಳು ಮತ್ತು ಇಟ್ಟಿಗೆ ಚೂರು. ನಮ್ಮ ಕೆಂಪು ಮಣ್ಣು ಹುಳಿ, ಈ ಗಿಡಗಳಿಗೆ ಸುಣ್ಣದ ಮಣ್ಣು ಇಷ್ಟ. ಸಮುದ್ರದ ಚಿಪ್ಪನ್ನು ಚೆನ್ನಾಗಿ ತೊಳೆದು, ಕುಟ್ಟಿ, ಒಂದು ಮುಷ್ಟಿ ಬೆರೆಸಿ.

ಆಲಿವ್ ಬೆಳೆಯುತ್ತದೆ, ಕಾಯಿಯ ಆಸೆ ಬಿಡಿ. ಹೂ ಬಿಡಲು ಅದಕ್ಕೆ ಸರಿಯಾದ ಚಳಿ ಬೇಕು, ನಾವು ಜನವರಿಯಲ್ಲೂ ಫ್ಯಾನ್ ಹಾಕಿ ಮಲಗುವವರು. ಒಣಗಿದ ಟೊಂಗೆ ತೆಗೆದರೆ ಸಾಕು.

ಇನ್ನು ಕಣಗಿಲೆ. ಅದು ಮೆಡಿಟರೇನಿಯನ್ ತೋಟಗಳಲ್ಲೂ ದಾರಿಬದಿಯಲ್ಲೂ ತುಂಬಾ ಕಾಣುವ ಗಿಡ, ನಿಮ್ಮ ಅಂಗಳದಲ್ಲಿ ಮೊದಲೇ ಇದೆ, ಮಳೆಗೂ ಉಪ್ಪುಗಾಳಿಗೂ ಜಗ್ಗಿಲ್ಲ! ಅಕ್ಟೋಬರ್‌ನಲ್ಲಿ ಸೊಂಟದೆತ್ತರಕ್ಕೆ ಧೈರ್ಯವಾಗಿ ಕಡಿಯಿರಿ, ಚಿಗುರುತ್ತದೆ. ಆದರೆ ಇಡೀ ಗಿಡವೇ ವಿಷ. ಕೈಗವಸು ಹಾಕಿಕೊಳ್ಳಿ, ಕಡಿದದ್ದನ್ನು ದನದ ಬಾಯಿಗೆ ಸಿಗದಂತೆ ಹೂಳಿ, ಬಚ್ಚಲೊಲೆಗಂತೂ ಹಾಕಲೇಬೇಡಿ, ಹೊಗೆಯೂ ವಿಷವೇ.