ದುಡ್ಡು ಕೊಟ್ಟು ಗೋಡೆ ಹತ್ತುವುದರಲ್ಲಿ ಅಂಥದ್ದೇನಿದೆ?

"ಪ್ಲಾಸ್ಟಿಕ್ ಕಲ್ಲು ಹಿಡಿದು ಗೋಡೆ ಹತ್ತೋದರಲ್ಲಿ ಏನು ಮಜಾ, ಜಿಮ್ ಸಾಲದಾ?" ಎಂದು ಕೇಳಿದ್ದೀರಿ. ಮೊದಲ ದಿನ ನನಗೂ ಹಾಗೇ ಅನ್ನಿಸಿತ್ತು.

ಮಜಾ ಇರುವುದು ಒಗಟಿನಲ್ಲಿ. ಬೌಲ್ಡರಿಂಗ್ ಅನ್ನುವ ಈ ಗೋಡೆ ಹತ್ತುವ ಆಟದಲ್ಲಿ ಗೋಡೆ ಸುಮಾರು 4 ಮೀಟರ್ ಎತ್ತರ. ಹಗ್ಗ ಇಲ್ಲ, ಕೆಳಗೆ ದಪ್ಪ ಮ್ಯಾಟ್. ಸಾಮಾನ್ಯವಾಗಿ ಒಂದೇ ಬಣ್ಣದ ಹಿಡಿಗಳನ್ನು ಬಳಸಿ ಮೇಲೆ ಹೋಗಬೇಕು. ಆ ದಾರಿಗೆ 'ಪ್ರಾಬ್ಲಮ್' ಅಂತಲೇ ಹೆಸರು. ಹಳದಿ ಹಿಡಿಗೆ ಕೈ ಒಂದು ಗೇಣು ಸಾಲದು. ಹತ್ತು ಸಲ ಬೀಳುತ್ತೀರಿ. ಹನ್ನೊಂದನೇ ಸಲ ಸೊಂಟವನ್ನು ಗೋಡೆಯ ಕಡೆ ತಿರುಗಿಸಿ ಒತ್ತಿ ನಿಂತರೆ ಅದೇ ಕೈ ತಲುಪುತ್ತದೆ! ತೋಳಿನ ಬಲ ಅಷ್ಟೇ ಇದೆ, ನಿಂತ ರೀತಿ ಬದಲಾಗಿದೆ. ಹೊಸಬರು ಕೈಯಿಂದ ಎಳೆದೆಳೆದು ಸುಸ್ತಾಗುತ್ತಾರೆ, ಪಳಗಿದವರು ಕಾಲಿನಿಂದ ತಳ್ಳುತ್ತಾರೆ.

ಬೆರಳು, ಮುಂಗೈ, ಬೆನ್ನು, ಹೊಟ್ಟೆ ಎಲ್ಲಕ್ಕೂ ಕೆಲಸ. ಮುಂದಿನ ಹೆಜ್ಜೆ ಎಲ್ಲಿಡಲಿ ಅನ್ನುವುದರಲ್ಲೇ ಮುಳುಗಿರುವಾಗ ಆಫೀಸು ನೆನಪಾಗುವುದಿಲ್ಲ. ನನಗಂತೂ ಇದೇ ದೊಡ್ಡ ಲಾಭ.

ಆದರೆ ಸುಮ್ನೆ ದಿನಾ ಹತ್ತಬೇಡಿ. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ನಾರು, ಅಂದರೆ ಬೆರಳಿನ ಸ್ನಾಯುರಜ್ಜು, ನಿಧಾನ. ಶುರುವಿಗೆ ವಾರಕ್ಕೆ 2 ದಿನ ಸಾಕು. ಬೀಳುವಾಗ ಕೈ ಹಿಂದಕ್ಕೆ ಊರದೆ, ಮಂಡಿ ಮಡಚಿ ಉರುಳಿ.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಿಂದ ಇದು ಪದಕದ ಆಟವೂ ಹೌದು. ಕೈ ಪಳಗಿದ ಮೇಲೆ ಹಂಪಿ, ರಾಮನಗರ, ಬಾದಾಮಿಯ ಬಂಡೆಗಳು ಹೇಗೂ ಇವೆಯಲ್ಲ. ಮಳೆ ಬಂದಾಗ ಮಾತ್ರ ಬಾದಾಮಿ ಕಡೆ ಹೋಗಬೇಡಿ. ಅಲ್ಲಿನ ಮರಳುಗಲ್ಲು ನೆನೆದರೆ ಬಲ ಕಳೆದುಕೊಂಡು ಹಿಡಿದಲ್ಲೇ ಮುರಿಯಬಹುದು.